ಕೊಲೆಗಾರನ ಮನಸ್ಸು ಓದುವ ಹದಿಹರೆಯದವರು: ಯಾವ ಸರಣಿಯನ್ನು ಮೊದಲು ಕೈಗೆತ್ತಿಕೊಳ್ಳಬೇಕು?

ಇಂಗ್ಲಿಷ್ ಸುಧಾರಿಸಿಕೊಳ್ಳಬೇಕೆಂದು ದಪ್ಪ ಕಾದಂಬರಿ ಕೊಂಡು ಇಪ್ಪತ್ತನೆಯ ಪುಟದಲ್ಲೇ ಕೈಬಿಟ್ಟವರು ನಮ್ಮ ವಿಜಯಪುರದ ಕಡೆ ಬಹಳ ಮಂದಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಪಿಯುಸಿಗೆ ಬಂದ ಕೂಡಲೇ ಭೌತಶಾಸ್ತ್ರವೂ ಇಂಗ್ಲಿಷಿನಲ್ಲಿ, ಲೆಕ್ಕವೂ ಇಂಗ್ಲಿಷಿನಲ್ಲಿ ಎದುರಾದಾಗ ದಿಕ್ಕು ತೋಚದಂತಾಗುತ್ತದೆ. ಅಂಥವರನ್ನು ಮುನ್ನೂರನೆಯ ಪುಟದವರೆಗೂ ಬಿಡದೆ ಎಳೆದೊಯ್ಯುವ ತಾಕತ್ತು ಒಳ್ಳೆಯ ಕೊಲೆ ಕಥೆಗೆ ಇದೆ ಎಂಬುದು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನನ್ನ ಗಟ್ಟಿ ನಂಬಿಕೆ. ನೀತಿಬೋಧೆಯ ಕಥೆಗಳಿಗೆ ಆ ಶಕ್ತಿ ಇರುವುದನ್ನು ನಾನಂತೂ ಕಂಡಿಲ್ಲ.

ಈಚಿನ ವರ್ಷಗಳಲ್ಲಿ ಮಕ್ಕಳು ಕೇಳಿಕೊಂಡು ಬರುವ ಕೊಲೆ ಕಥೆಗಳಲ್ಲಿ ಒಂದು ಬಗೆ ಎದ್ದು ಕಾಣುತ್ತದೆ. ಹದಿನೇಳು ವರ್ಷದ ಹುಡುಗಿ ಅಥವಾ ಹುಡುಗ, ಕೊಲೆಗಾರನ ಮನಸ್ಸಿನೊಳಗೆ ಇಳಿದು ಅವನು ಎಂಥವನು, ಮುಂದೆ ಏನು ಮಾಡುತ್ತಾನೆ ಎಂದು ಹೇಳಬಲ್ಲ ಅಸಾಧಾರಣ ಪ್ರತಿಭೆ. ಪೊಲೀಸರು ಇವರ ಸಹಾಯ ಕೇಳುತ್ತಾರೆ, ಇಲ್ಲವೇ ಇವರೇ ಪೊಲೀಸರ ಕಣ್ಣು ತಪ್ಪಿಸಿ ತನಿಖೆಗೆ ಇಳಿಯುತ್ತಾರೆ. ಇಂಥ ಸರಣಿಗಳು ಒಂದೆರಡಲ್ಲ. ಒಂದು ಸರಣಿಯನ್ನು ಪೂರ್ತಿ ಕೊಳ್ಳಲು ಸಾವಿರ ರೂಪಾಯಿಯ ಮೇಲೆ ಬೇಕು. ಆದ್ದರಿಂದ ಯಾವುದು ಯಾರಿಗೆ ಎಂದು ತಿಳಿದು ಕೊಳ್ಳುವುದು ಲೇಸು.

ಇವರು ಮಾಡುವುದು ಪ್ರೊಫೈಲರ್‌ನ ಕೆಲಸ. ಪ್ರೊಫೈಲರ್ ಎಂದರೆ ಅಪರಾಧ ನಡೆದ ಜಾಗ, ಬಲಿಯಾದವರ ಬದುಕು, ಅಪರಾಧ ನಡೆಸಿದ ರೀತಿ ಇವನ್ನೆಲ್ಲ ಕೂಡಿಸಿ ನೋಡಿ, ಅಪರಾಧಿ ಎಂಥ ಸ್ವಭಾವದವನಿರಬಹುದು ಎಂದು ಅಂದಾಜು ಕಟ್ಟುವ ತಜ್ಞ. ಬೆರಳಚ್ಚು ಯಾರದೆಂದು ಹೇಳುವುದು ಅವನ ಕೆಲಸವಲ್ಲ. ಯಾರ ಬೆರಳಚ್ಚನ್ನು ಮೊದಲು ತಾಳೆ ನೋಡಬೇಕು ಎಂದು ಸೂಚಿಸುವುದಷ್ಟೇ ಅವನಿಂದ ಸಾಧ್ಯ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ 1972ರಲ್ಲಿ ವರ್ಜೀನಿಯಾದ ಕ್ವಾಂಟಿಕೋದಲ್ಲಿ ವರ್ತನಾ ವಿಜ್ಞಾನ ಘಟಕವನ್ನು ತೆರೆಯಿತು. ಅಲ್ಲಿನ ರಾಬರ್ಟ್ ರೆಸ್ಲರ್ ಮತ್ತು ಜಾನ್ ಡಗ್ಲಸ್ ಜೈಲಿನಲ್ಲಿದ್ದ 36 ಕೊಲೆಗಾರರನ್ನು ಮಾತನಾಡಿಸಿ ಕಲೆಹಾಕಿದ ಮಾಹಿತಿಯೇ ಮುಂದೆ ಈ ಬಗೆಯ ಕಾದಂಬರಿ, ಸಿನಿಮಾಗಳಿಗೆಲ್ಲ ಬಂಡವಾಳವಾಯಿತು. ಕ್ವಾಂಟಿಕೋ ಎಂಬ ಹೆಸರು ಕೆಳಗಿನ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವುದಕ್ಕೆ ಇದೇ ಕಾರಣ.

ಆಯ್ಕೆಗೆ ನನ್ನ ಅಳತೆಗೋಲು ಎರಡೇ ಪ್ರಶ್ನೆ. ಈ ಹುಡುಗ ಅಥವಾ ಹುಡುಗಿಗೆ ಪ್ರತಿಭೆ ಎಲ್ಲಿಂದ ಬಂತು ಎಂದು ಪುಸ್ತಕ ಹೇಳುತ್ತದೆ? ಅವರ ಊಹೆ ತಪ್ಪಾಗಲು ಲೇಖಕರು ಬಿಡುತ್ತಾರೆಯೇ? ಸದಾ ಸರಿಯಾಗಿಯೇ ಊಹಿಸುವ ಪತ್ತೇದಾರ ಓದುಗನಿಗೆ ಚಪ್ಪಾಳೆ ತಟ್ಟುವ ಕೆಲಸವನ್ನು ಮಾತ್ರ ಉಳಿಸುತ್ತಾನೆ. ತಪ್ಪುವ ಪತ್ತೇದಾರನ ಜೊತೆ ಓದುಗನೂ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹುಟ್ಟಿನಿಂದ ಬಂದ ವರ: ‘ದಿ ನ್ಯಾಚುರಲ್ಸ್’

ಜೆನ್ನಿಫರ್ ಲಿನ್ ಬಾರ್ನ್ಸ್ ಅವರ ಈ ಸರಣಿಯ ಮೊದಲ ಪುಸ್ತಕ ಬಂದದ್ದು 2013ರಲ್ಲಿ. ನಂತರ ‘ಕಿಲ್ಲರ್ ಇನ್‌ಸ್ಟಿಂಕ್ಟ್’, ‘ಆಲ್ ಇನ್’, ‘ಬ್ಯಾಡ್ ಬ್ಲಡ್’ ಬಂದು 2016ಕ್ಕೆ ಮುಖ್ಯ ಕಥೆ ಮುಗಿಯಿತು. ಲೇಖಕಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದವರು, ಮನೋವಿಜ್ಞಾನ ಬಲ್ಲವರು. ಅದರ ಗುರುತು ಬರವಣಿಗೆಯಲ್ಲಿ ಕಾಣುತ್ತದೆ.

ಕ್ಯಾಸಿ ಹಾಬ್ಸ್ ಹದಿನೇಳರ ಹುಡುಗಿ. ತಾಯಿ ಭವಿಷ್ಯ ಹೇಳುವ ನಾಟಕ ಆಡಿ ಹೊಟ್ಟೆ ಹೊರೆಯುತ್ತಿದ್ದವಳು. ಎದುರಿಗೆ ಕುಳಿತವರ ಬಟ್ಟೆ, ಮಾತು, ಕೂರುವ ಭಂಗಿ ನೋಡಿ ಅವರು ಏನನ್ನು ಕೇಳಬಯಸುತ್ತಾರೆಂದು ಗ್ರಹಿಸುವುದನ್ನು ಮಗಳಿಗೂ ಕಲಿಸಿದ್ದಳು. ಐದು ವರ್ಷಗಳ ಹಿಂದೆ ಆ ತಾಯಿ, ರಕ್ತದ ಕಲೆ ತುಂಬಿದ ಕೋಣೆಯೊಂದನ್ನು ಬಿಟ್ಟು ಕಾಣೆಯಾಗಿದ್ದಾಳೆ. ಎಫ್‌ಬಿಐ ಕ್ಯಾಸಿಯನ್ನು ಗುಟ್ಟಿನ ತರಬೇತಿಗೆ ಸೇರಿಸಿಕೊಳ್ಳುತ್ತದೆ. ಅಲ್ಲಿ ಇನ್ನೂ ನಾಲ್ವರು: ಮುಖ ನೋಡಿ ಭಾವನೆ ಹೇಳುವ ಮೈಕಲ್, ಸುಳ್ಳನ್ನು ತಟ್ಟನೆ ಹಿಡಿಯುವ (ತಾನೂ ಸರಾಗವಾಗಿ ಸುಳ್ಳು ಹೇಳುವ) ಲಿಯಾ, ಅಂಕಿಸಂಖ್ಯೆಗಳಲ್ಲೇ ಉಸಿರಾಡುವ ಸ್ಲೋನ್, ಮತ್ತು ಸರಣಿ ಕೊಲೆಗಾರನೊಬ್ಬನ ಮಗನಾದ ಡೀನ್. ಮೊದಲಿಗೆ ಇವರ ಕೈಗೆ ಕೊಡುವುದು ಬಗೆಹರಿಯದೆ ಧೂಳು ತಿನ್ನುತ್ತಿರುವ ಹಳೆಯ ಪ್ರಕರಣಗಳನ್ನು ಮಾತ್ರ. ಹಳೆಯದು ಹೊಸದನ್ನು ಎಬ್ಬಿಸದಿದ್ದರೆ ಕಾದಂಬರಿಯಾದೀತೇ?

ಅಧ್ಯಾಯಗಳ ನಡುವೆ ಕೊಲೆಗಾರನ ಮಾತು ಬರುತ್ತದೆ, ಅದೂ ‘ನೀನು’ ಎಂಬ ರೂಪದಲ್ಲಿ. ಓದುವವನನ್ನೇ ಕೊಲೆಗಾರನ ಚಪ್ಪಲಿಯೊಳಗೆ ನಿಲ್ಲಿಸುವ ಈ ತಂತ್ರಕ್ಕೆ ಮಕ್ಕಳು ಬೇಗ ಸೋಲುತ್ತಾರೆ. ವಾಕ್ಯಗಳು ಚಿಕ್ಕವು, ಅಧ್ಯಾಯಗಳು ಇನ್ನೂ ಚಿಕ್ಕವು. ಬಸವನ ಬಾಗೇವಾಡಿಯಿಂದ ದಿನಾ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು ಇದನ್ನು ಹೋಗುವಾಗ ಮೂರು ಅಧ್ಯಾಯ, ಬರುವಾಗ ಮೂರು ಅಧ್ಯಾಯ ಎಂದು ಓದಿ ಮುಗಿಸಿದಳು. ಇಂಗ್ಲಿಷಿನ ಭಯ ಇರುವವರಿಗೆ ಇಲ್ಲಿ ಹೇಳುವ ಸರಣಿಗಳಲ್ಲಿ ಅತಿ ಸುಲಭವಾಗಿ ದಕ್ಕುವ ಪುಸ್ತಕ ಇದೇ.

ಇಷ್ಟೆಲ್ಲ ಹೊಗಳಿದರೂ ನನ್ನ ತಕರಾರು ಇದೆ. ಇಲ್ಲಿ ಪ್ರತಿಭೆ ಹುಟ್ಟಿನದು, ತರಬೇತಿ ಅದಕ್ಕೆ ಹೊಳಪು ಕೊಡುತ್ತದೆ ಅಷ್ಟೆ. ಲಿಯಾ ಸುಳ್ಳು ಹಿಡಿಯುವುದು ಹೇಗೆಂದು ಪುಸ್ತಕ ತೋರಿಸುವುದೇ ಇಲ್ಲ. ಅವಳು ಹಿಡಿಯುತ್ತಾಳೆ, ನಾವು ನಂಬಬೇಕು. ನಿಜ ಜೀವನದಲ್ಲಿ ಮನುಷ್ಯರು ಸುಳ್ಳು ಪತ್ತೆ ಮಾಡುವುದರಲ್ಲಿ ಎಷ್ಟು ದಡ್ಡರೆಂದರೆ, ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ಬಾಂಡ್ ಮತ್ತು ಡಿಪೌಲೋ ಎಂಬ ಸಂಶೋಧಕರು 2006ರಲ್ಲಿ ಕಂಡುಕೊಂಡ ಸರಾಸರಿ ಶೇ. 54ರ ಹತ್ತಿರ. ನಾಣ್ಯ ಚಿಮ್ಮಿದರೂ ಐವತ್ತು ಸಿಗುತ್ತದೆ. ಯಂತ್ರವನ್ನು ನಂಬಬಹುದೇ ಎಂದರೆ ಅದಕ್ಕೂ ತಡೆಯಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಒಪ್ಪಿಗೆಯಿಲ್ಲದೆ ಯಾರ ಮೇಲೂ ಸುಳ್ಳು ಪತ್ತೆ ಪರೀಕ್ಷೆ, ಮಂಪರು ಪರೀಕ್ಷೆ, ಮಿದುಳಿನ ಪರೀಕ್ಷೆ ನಡೆಸಕೂಡದು ಎಂದು ತೀರ್ಪು ಕೊಟ್ಟಿದೆ. ಲಿಯಾ ನಮ್ಮ ಗಾಂಧಿಚೌಕದ ಠಾಣೆಯಲ್ಲಿ ಕುಳಿತು ‘ಇವನು ಸುಳ್ಳು ಹೇಳುತ್ತಿದ್ದಾನೆ’ ಎಂದರೆ ಅದಕ್ಕೆ ಕಾನೂನಿನ ಎದುರು ಕಾಸಿನ ಕಿಮ್ಮತ್ತಿಲ್ಲ.

ಈ ಪುಸ್ತಕ ಓದಿದವರಿಗೆ ನಾನು ಒಂದು ಕೆಲಸ ಹಚ್ಚುತ್ತೇನೆ. ಬಸ್ ನಿಲ್ದಾಣದಲ್ಲಿ ಕುಳಿತು, ಎದುರಿಗಿರುವವರು ಎಲ್ಲಿಗೆ ಹೊರಟಿದ್ದಾರೆಂದು ಊಹಿಸಿ, ಅವರು ಯಾವ ಬಸ್ ಏರುತ್ತಾರೆಂದು ಕಾದು ನೋಡಬೇಕು. ಒಮ್ಮೆ ಬಿಳಿ ಧೋತರ, ತಲೆಗೆ ರುಮಾಲು, ಕಂಕುಳಲ್ಲಿ ಎಕ್ಸ್‌ರೇ ಲಕೋಟೆ ಇಟ್ಟುಕೊಂಡಿದ್ದ ಹಿರಿಯರೊಬ್ಬರು ಕಂಡರು. ಸೊಲ್ಲಾಪುರದ ಆಸ್ಪತ್ರೆಗೇ ಹೊರಟವರು ಎಂದು ಎಲ್ಲರೂ ಒಮ್ಮತದಿಂದ ಬರೆದುಕೊಂಡರು. ಅವರು ಏರಿದ್ದು ಇಂಡಿ ಊರಿನ ಬಸ್. ತಡೆಯಲಾರದೆ ಹುಡುಗಿಯೊಬ್ಬಳು ಓಡಿಹೋಗಿ ಕಿಟಕಿಯಿಂದ ಕೇಳಿದಳು: ‘ಅಜ್ಜಾ, ಆ ಲಕೋಟೆಯಲ್ಲಿ ಏನಿದೆ?’ ಹೊಲದ ಉತಾರ, ಅಂದರೆ ಪಹಣಿ ಪತ್ರ! ಮಡಿಕೆ ಬೀಳಬಾರದೆಂದು ಮೊಮ್ಮಗನ ಎಕ್ಸ್‌ರೇ ಲಕೋಟೆಯಲ್ಲಿ ಇಟ್ಟುಕೊಂಡಿದ್ದರು. ಕ್ಯಾಸಿಯ ಕಣ್ಣಿಗೆ ಕಂಡದ್ದೇ ನಮ್ಮ ಮಕ್ಕಳ ಕಣ್ಣಿಗೂ ಕಂಡಿತ್ತು. ಕ್ಯಾಸಿಯ ಬೆನ್ನಿಗೆ ಲೇಖಕಿ ಇದ್ದರು, ಇವರ ಬೆನ್ನಿಗೆ ಯಾರೂ ಇರಲಿಲ್ಲ.

ಮೈಕಲ್, ಡೀನ್ ಇಬ್ಬರ ನಡುವೆ ಕ್ಯಾಸಿಯ ಮನಸ್ಸು ತೂಗಾಡುವ ಪ್ರೇಮ ಪ್ರಸಂಗವೂ ಇದೆ. ಕೆಲವರಿಗೆ ಅದೇ ಮುಖ್ಯ ಕಥೆ. ನಾನು ಆ ಪುಟಗಳನ್ನು ಬೇಗ ಬೇಗ ತಿರುವುತ್ತೇನೆ.

ಅಪ್ಪ ಕಲಿಸಿದ ವಿದ್ಯೆ: ‘ಐ ಹಂಟ್ ಕಿಲ್ಲರ್ಸ್’

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಇಳಕಲ್ಲಿನ ಮಗ್ಗದ ಸದ್ದು ಕೇಳಿ ಬೆಳೆದ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಬ್ಯಾರಿ ಲೈಗಾ ಅವರ ಈ ತ್ರಿವಳಿ ಆ ಗಾದೆಯ ಜೊತೆಗೇ ಕುಸ್ತಿಗೆ ಬಿದ್ದಿದೆ. ‘ಐ ಹಂಟ್ ಕಿಲ್ಲರ್ಸ್’ 2012ರಲ್ಲಿ, ‘ಗೇಮ್’ 2013ರಲ್ಲಿ, ‘ಬ್ಲಡ್ ಆಫ್ ಮೈ ಬ್ಲಡ್’ 2014ರಲ್ಲಿ ಬಂದವು.

ಜಾಝ್ ಡೆಂಟ್ ಹದಿನೇಳರ ಹುಡುಗ. ಅವನ ಅಪ್ಪ ಬಿಲ್ಲಿ, ನೂರಕ್ಕೂ ಹೆಚ್ಚು ಜನರನ್ನು ಕೊಂದು ಜೈಲು ಸೇರಿದವನು. ಮಗನಿಗೆ ಚಿಕ್ಕಂದಿನಿಂದಲೂ ತನ್ನ ಕಸುಬನ್ನು ಪಾಠದಂತೆ ಹೇಳಿಕೊಟ್ಟಿದ್ದಾನೆ. ಊರ ಹೊರಗಿನ ಹೊಲದಲ್ಲಿ ಹೆಣ ಸಿಕ್ಕಾಗ ಅದು ಸರಣಿ ಕೊಲೆಗಾರನ ಕೆಲಸವೆಂದು ಜಾಝ್‌ಗೆ ಕೂಡಲೇ ಗೊತ್ತಾಗುತ್ತದೆ. ಅಲ್ಲಿನ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ನಂಬುವುದಿಲ್ಲ. ಇಲ್ಲಿಂದ ಕಥೆ ಎರಡು ದಾರಿ ಹಿಡಿಯುತ್ತದೆ: ಕೊಲೆಗಾರನನ್ನು ಹಿಡಿಯುವುದು ಒಂದು, ತಾನೂ ಅಪ್ಪನಂತಾಗುತ್ತೇನೆಯೇ ಎಂಬ ಅಂಜಿಕೆಯನ್ನು ಎದುರಿಸುವುದು ಇನ್ನೊಂದು. ‘ಮನುಷ್ಯರು ಮುಖ್ಯ, ಮನುಷ್ಯರು ನಿಜ’ ಎಂಬ ಅರ್ಥದ ಮಾತನ್ನು ಜಾಝ್ ಜಪದಂತೆ ಹೇಳಿಕೊಳ್ಳುತ್ತಾನೆ. ಸ್ವಲ್ಪ ತಾಗಿದರೂ ರಕ್ತಸ್ರಾವವಾಗುವ ಹಿಮೊಫಿಲಿಯಾ ಇರುವ ಗೆಳೆಯ ಹೋವಿಯ ತಮಾಷೆ ಇಲ್ಲದಿದ್ದರೆ ಈ ಕತ್ತಲನ್ನು ತಡೆದುಕೊಳ್ಳುವುದು ಕಷ್ಟವಾಗುತ್ತಿತ್ತು.

ಈ ಸರಣಿಗಳಲ್ಲಿ ನನಗೆ ಹೆಚ್ಚು ತಟ್ಟಿದ ಪ್ರಶ್ನೆ ಇಲ್ಲಿಯದು, ಅದಕ್ಕೆ ನಮ್ಮ ನೆಲದ್ದೇ ಕಾರಣವಿದೆ. ಹುಟ್ಟಿನಿಂದಲೇ ಅಪರಾಧಿ ಎಂದು ಕೆಲವು ಸಮುದಾಯಗಳನ್ನು ಬ್ರಿಟಿಷ್ ಸರ್ಕಾರ 1871ರ ಕಾಯ್ದೆಯಡಿ ಪಟ್ಟಿ ಮಾಡಿತು. ಹಾಗೆ ಪಟ್ಟಿಯಾದವರನ್ನು ಕಾವಲಿನಲ್ಲಿ ಇರಿಸಿದ ಸೆಟ್ಲಮೆಂಟುಗಳಲ್ಲಿ ಬಿಜಾಪುರದ್ದೂ ಒಂದು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ ಆ ಕಾಯ್ದೆ ರದ್ದಾಯಿತು. ಆ ಸಮುದಾಯಗಳ ಹೆಸರಿಗೆ ಅಂಟಿದ ಕಲೆ ಇಂದಿಗೂ ಪೂರ್ತಿ ಹೋಗಿಲ್ಲ. ಊರಲ್ಲಿ ಕಳವಾದರೆ ಮೊದಲು ಯಾರ ಓಣಿಯತ್ತ ಬೆರಳು ಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಅದೂ ಒಂದು ಬಗೆಯ ಪ್ರೊಫೈಲೇ, ಕೆಟ್ಟ ಬಗೆಯದು. ಜಾಝ್‌ನನ್ನು ಊರವರು ನೋಡುವ ರೀತಿಯನ್ನು ಓದುವಾಗ ತರಗತಿಯಲ್ಲಿ ಈ ಚರ್ಚೆ ತಾನಾಗಿಯೇ ಎದ್ದಿತು. ಗದ್ದಲವೂ ಆಯಿತು. ಅಂಥ ಗದ್ದಲ ಒಳ್ಳೆಯದು.

ಹಿಂಸೆಯ ಬಗ್ಗೆ ಮುಚ್ಚುಮರೆ ಬೇಡ. ಬೆರಳು ಕತ್ತರಿಸಿದ ಹೆಣದಿಂದ ಪುಸ್ತಕ ಶುರುವಾಗುತ್ತದೆ, ಮುಂದೆ ಇನ್ನೂ ಹೆಚ್ಚಾಗುತ್ತದೆ. ಹದಿನಾರಕ್ಕೆ ಕೆಳಗಿನವರಿಗೆ ನಾನು ಕೊಡುವುದಿಲ್ಲ. ಹದಿನೇಳಾದವರಿಗೂ ಅವರ ಸ್ವಭಾವ ತಿಳಿದುಕೊಂಡೇ ಕೊಡುತ್ತೇನೆ. ಎರಡನೆಯ ಪುಸ್ತಕ ಮುಗಿಯುವ ಹೊತ್ತಿಗೆ ಎಲ್ಲರನ್ನೂ ಕಂದಕದ ಅಂಚಿನಲ್ಲಿ ನಿಲ್ಲಿಸಿಬಿಡುತ್ತದೆ, ಆದ್ದರಿಂದ ಮೂರನೆಯದು ಕೈಯಲ್ಲಿ ಇಲ್ಲದೆ ಎರಡನೆಯದನ್ನು ತೆರೆಯಬೇಡಿ.

ಬದುಕಿ ಉಳಿದವಳು: ‘ನನ್ ಶಲ್ ಸ್ಲೀಪ್’

ಆಸ್ಟ್ರೇಲಿಯಾದ ಎಲ್ಲಿ ಮಾರ್ನಿ 2020ರಲ್ಲಿ ಬರೆದ ಈ ಕಾದಂಬರಿ ನಡೆಯುವುದು 1982ರ ಅಮೆರಿಕದಲ್ಲಿ. ಕೊಲೆಗಾರನೊಬ್ಬನ ಕೈಯಿಂದ ತಪ್ಪಿಸಿಕೊಂಡು ಬದುಕಿದ ಎಮ್ಮಾ ಲೂಯಿಸ್, ಕೊಲೆಗಾರನ ಕೈಯಲ್ಲಿ ತಂದೆಯನ್ನು ಕಳೆದುಕೊಂಡ ಟ್ರಾವಿಸ್ ಬೆಲ್ ಇಬ್ಬರಿಗೂ ಎಫ್‌ಬಿಐ ಒಂದು ಕೆಲಸ ವಹಿಸುತ್ತದೆ: ಜೈಲಿನಲ್ಲಿರುವ ಹದಿಹರೆಯದ ಕೊಲೆಗಾರರನ್ನು ಮಾತನಾಡಿಸುವುದು. ದೊಡ್ಡವರ ಎದುರು ಬಾಯಿ ಬಿಡದವರು ತಮ್ಮ ವಯಸ್ಸಿನವರ ಎದುರು ಬಿಡಬಹುದೆಂಬ ಲೆಕ್ಕಾಚಾರ. ಅವರಲ್ಲೊಬ್ಬ ಸೈಮನ್ ಗುಟ್ಮುನ್ಸನ್. ಟ್ರಾವಿಸ್‌ನ ತಂದೆಯನ್ನು ಕೊಂದವನೂ ಅವನೇ.

ಕಾಲವನ್ನು ಹಿಂದಕ್ಕೆ ಒಯ್ದದ್ದು ಜಾಣತನ. ಆಗ ಮೊಬೈಲ್ ಇಲ್ಲ, ಬೀದಿ ಬೀದಿಗೆ ಸಿಸಿಟಿವಿ ಇಲ್ಲ, ಡಿಎನ್‌ಎ ಗುರುತಿನ ವಿಧಾನವನ್ನು ಲೆಸ್ಟರಿನ ಅಲೆಕ್ ಜೆಫ್ರೀಸ್ ಕಂಡುಕೊಂಡದ್ದೇ 1984ರಲ್ಲಿ. ಹಾಗಾಗಿ ಮನುಷ್ಯರ ಮಾತನ್ನೇ ನೆಚ್ಚಿಕೊಂಡು ತನಿಖೆ ನಡೆಯಬೇಕು, ಮಾತಿನ ಪುಟಗಳೇ ಇಲ್ಲಿ ಹೊಡೆದಾಟದಂತಿವೆ. ಎಮ್ಮಾಳ ಪ್ರತಿಭೆ ಗಾಯದಿಂದ ಬಂದದ್ದು, ಆ ಗಾಯ ಇನ್ನೂ ಮಾಯ್ದಿಲ್ಲ. ಅವಳು ಹಿಂಜರಿಯುತ್ತಾಳೆ, ಅಳುಕುತ್ತಾಳೆ, ಕೆಲಸ ಬಿಟ್ಟು ಹೋಗಲೇ ಎಂದು ಯೋಚಿಸುತ್ತಾಳೆ. ಕ್ಯಾಸಿಗಿಂತ ಎಮ್ಮಾ ನನಗೆ ಹೆಚ್ಚು ಹತ್ತಿರ. ಬುದ್ಧಿವಂತ ಕೊಲೆಗಾರ ಸೆರೆಮನೆಯೊಳಗಿಂದ ಒಗಟಿನಲ್ಲಿ ಮಾತನಾಡುವ ಭಾಗ ಮಾತ್ರ ಸಿನಿಮಾಗಳಲ್ಲಿ ನೋಡಿ ನೋಡಿ ಸವೆದದ್ದು. ಮುಂದಿನ ಭಾಗ ‘ಸಮ್ ಶಲ್ ಬ್ರೇಕ್’ 2023ರಲ್ಲಿ ಬಂತು.

ವರವೂ ಇಲ್ಲ, ಶಾಪವೂ ಇಲ್ಲ: ‘ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್’

ಹಾಲಿ ಜಾಕ್ಸನ್ ಅವರ 2019ರ ಈ ಪುಸ್ತಕದ ನಾಯಕಿ ಪಿಪ್, ಕಟ್ಟುನಿಟ್ಟಾಗಿ ಹೇಳುವುದಾದರೆ ಪ್ರೊಫೈಲರ್ ಅಲ್ಲ. ಆದರೂ ಈ ಹೋಲಿಕೆಯಲ್ಲಿ ಅವಳಿಗೆ ಮೊದಲ ಸಾಲಿನಲ್ಲೇ ಜಾಗ ಕೊಡುತ್ತೇನೆ.

ಇಂಗ್ಲೆಂಡಿನ ಸಣ್ಣ ಊರು ಲಿಟಲ್ ಕಿಲ್ಟನ್. ಐದು ವರ್ಷಗಳ ಹಿಂದೆ ಆಂಡಿ ಬೆಲ್ ಎಂಬ ಹುಡುಗಿ ಕಾಣೆಯಾದಳು. ಅವಳ ಗೆಳೆಯ, ಭಾರತೀಯ ಮೂಲದ ಸಲ್ ಸಿಂಗ್, ಕೊಲೆ ಮಾಡಿ ತಾನೂ ಸತ್ತನೆಂದು ಊರೇ ತೀರ್ಪು ಕೊಟ್ಟು ಕೈತೊಳೆದುಕೊಂಡಿದೆ. ಹದಿನೇಳರ ಪಿಪ್ ಶಾಲೆಯ ಯೋಜನಾ ಕೆಲಸಕ್ಕೆ ಇದೇ ವಿಷಯವನ್ನು ಆರಿಸಿಕೊಳ್ಳುತ್ತಾಳೆ. ಅವಳ ಹತ್ತಿರ ಇರುವುದು ಫೋನು, ಟಿಪ್ಪಣಿ ಪುಸ್ತಕ, ಸಲ್‌ನ ತಮ್ಮ ರವಿಯ ಜೊತೆ, ಮತ್ತು ಬೇಸರಪಡದ ಗುಣ. ಸಂದರ್ಶನದ ಅಕ್ಷರರೂಪ, ನಕ್ಷೆ, ಶಂಕಿತರ ಪಟ್ಟಿ, ಸಂದೇಶಗಳ ಪ್ರತಿ ಎಲ್ಲವೂ ಪುಸ್ತಕದಲ್ಲೇ ಅಚ್ಚಾಗಿವೆ. ಪಿಪ್‌ಗೆ ಎಷ್ಟು ಗೊತ್ತೋ ಓದುಗನಿಗೂ ಅಷ್ಟೇ ಗೊತ್ತು. ಅವಳ ಪಟ್ಟಿಯಲ್ಲಿ ಹೆಸರುಗಳು ಏರುತ್ತವೆ, ಇಳಿಯುತ್ತವೆ, ಕೆಲವೊಮ್ಮೆ ಪೂರ್ತಿ ತಪ್ಪು ಮನುಷ್ಯನ ಬೆನ್ನು ಹತ್ತುತ್ತಾಳೆ.

ನನ್ನ ಕಪಾಟಿನಲ್ಲಿರುವ ಪ್ರತಿಯ ಕೊನೆಯ ಖಾಲಿ ಹಾಳೆ ಈಗ ಖಾಲಿಯಾಗಿಲ್ಲ. ಓದಿದವರೆಲ್ಲ ಅಲ್ಲಿ ಪೆನ್ಸಿಲಿನಲ್ಲಿ ತಮ್ಮ ಶಂಕಿತನ ಹೆಸರು ಬರೆದು, ಎಷ್ಟನೆಯ ಪುಟದಲ್ಲಿ ಅನುಮಾನ ಬಂತೆಂದು ನಮೂದಿಸಿ, ತಪ್ಪಾಯಿತೆಂದು ಗೊತ್ತಾದ ಮೇಲೆ ಗೀಟು ಎಳೆದಿದ್ದಾರೆ. ಒಂದು ಹೆಸರಿನ ಮುಂದೆ ‘ಖಾತ್ರಿ’ ಎಂದು ಬರೆದು ಎರಡು ಸಲ ಗೀಟು ಹಾಕಿದ್ದಾಳೆ ಬಾಗಲಕೋಟೆಯ ನವನಗರದ ಹುಡುಗಿ. ಗ್ರಂಥಾಲಯದ ಪುಸ್ತಕದಲ್ಲಿ ಹೀಗೆ ಗೀಚಿದರೆ ದಂಡ ಬೀಳುತ್ತದೆ, ಇದು ನನ್ನ ಸ್ವಂತ ಪ್ರತಿಯಾದ್ದರಿಂದ ಬಿಟ್ಟಿದ್ದೇನೆ.

ಮುಧೋಳದ ಬೇಟೆನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಮೊಲ ಅಲುಗಿದರೆ ಸಾಕು, ಬಾಣದಂತೆ ನುಗ್ಗುತ್ತದೆ. ಪೊಲೀಸ್ ಇಲಾಖೆಯ ಮೂಸುವ ನಾಯಿಗಳದು ಬೇರೆ ರೀತಿ: ನೆಲಕ್ಕೆ ಮೂಗು ಹಚ್ಚಿ, ನಿಧಾನವಾಗಿ, ಸುಳಿವು ಕಡಿದಲ್ಲಿ ಹಿಂದಕ್ಕೆ ಬಂದು ಮತ್ತೆ ಹುಡುಕುವುದು. ಕ್ಯಾಸಿ ಮೊದಲನೆಯ ಜಾತಿ, ಪಿಪ್ ಎರಡನೆಯದು. ಓಡುವುದನ್ನು ನೋಡಲು ಮೊದಲನೆಯದು ಚೆಂದ, ಕಲಿಯಲು ಎರಡನೆಯದು.

ಸರಣಿಯ ಎರಡನೆಯ ಪುಸ್ತಕ ‘ಗುಡ್ ಗರ್ಲ್, ಬ್ಯಾಡ್ ಬ್ಲಡ್’ 2020ರದು. ಮೂರನೆಯದಾದ 2021ರ ‘ಆ್ಯಸ್ ಗುಡ್ ಆ್ಯಸ್ ಡೆಡ್’ ಬಗ್ಗೆ ಪೋಷಕರಿಗೆ ಒಂದು ಮಾತು. ಮೊದಲ ಪುಸ್ತಕದ ಹಗುರ ಧಾಟಿಯನ್ನು ನಂಬಿ ಮೂರನ್ನೂ ಕಣ್ಣುಮುಚ್ಚಿ ಕೊಡಬೇಡಿ. ಅಲ್ಲಿ ಪಿಪ್ ತೆಗೆದುಕೊಳ್ಳುವ ನಿರ್ಧಾರ ಸರಿಯೋ ತಪ್ಪೋ ಎಂದು ದೊಡ್ಡವರೂ ಜಗಳವಾಡಬಹುದು. 2024ರಲ್ಲಿ ಬಂದ ಟಿವಿ ಸರಣಿಯನ್ನು ನೋಡಿದವರು ಪುಸ್ತಕ ಓದುವ ಅಗತ್ಯವಿಲ್ಲವೆಂದು ವಾದಿಸುತ್ತಾರೆ. ಆ ದಾಖಲೆಗಳನ್ನೆಲ್ಲ ನಾವೇ ತಿರುವಿ ಹಾಕುವ ಸುಖ ಪರದೆಯ ಮೇಲೆ ಸಿಗುವುದಿಲ್ಲ. ಇನ್ನೊಂದು ಸಣ್ಣ ಸಂಗತಿ: ಅಮೆರಿಕದ ಆವೃತ್ತಿಯಲ್ಲಿ ಊರನ್ನೇ ಕನೆಕ್ಟಿಕಟ್‌ಗೆ ಸ್ಥಳಾಂತರಿಸಿದ್ದಾರೆ. ಹಳೆಯ ಪುಸ್ತಕ ಕೊಳ್ಳುವವರು ಮೂರೂ ಒಂದೇ ದೇಶದ ಆವೃತ್ತಿಯಾಗಿರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಪಿಪ್ ಪುಸ್ತಕದಿಂದ ಪುಸ್ತಕಕ್ಕೆ ಸಮುದ್ರ ದಾಟುತ್ತಾಳೆ.

ಇನ್ನೆರಡು, ಚುಟುಕಾಗಿ

ಮೌರೀನ್ ಜಾನ್ಸನ್ ಅವರ ‘ಟ್ರೂಲಿ ಡೀವಿಯಸ್’ 2018ರದು. ವರ್ಮಾಂಟ್ ಬೆಟ್ಟಗಳ ನಡುವಿನ ವಸತಿ ಶಾಲೆಗೆ ಸ್ಟೀವಿ ಬೆಲ್ ಸೇರುವುದೇ 1936ರಲ್ಲಿ ಅಲ್ಲಿ ನಡೆದ ಅಪಹರಣದ ಗುಟ್ಟು ಬಿಡಿಸಲು. ಗಾಬರಿಯ ಕಾಯಿಲೆಯಿಂದ ನರಳುವ ಹುಡುಗಿಯೊಬ್ಬಳು ನಾಯಕಿಯಾಗಿರುವುದು, ಅದನ್ನು ಲೇಖಕಿ ಕನಿಕರದ ಸರಕಾಗಿಸದೆ ಬರೆದಿರುವುದು ಎರಡೂ ಮೆಚ್ಚತಕ್ಕವು. ಸೈನಿಕ ಶಾಲೆಯ ಹಾಸ್ಟೆಲಿನಲ್ಲಿ ಬೆಳೆದವರಿಗೆ ವಸತಿ ಶಾಲೆಯ ವಾತಾವರಣ ಕೂಡಲೇ ಹಿಡಿಸುತ್ತದೆ. ಹಿಂಸೆ ಕಡಿಮೆ, ಹಾಸ್ಯ ಹೆಚ್ಚು. ಇಂಗ್ಲಿಷ್ ಮಾತ್ರ ಬಾರ್ನ್ಸ್ ಅವರದಕ್ಕಿಂತ ತುಸು ಬಿಗಿ.

ಹನ್ನೆರಡು ಹದಿಮೂರರ ಮಕ್ಕಳು ಅಕ್ಕ ಅಣ್ಣಂದಿರ ಪುಸ್ತಕಕ್ಕೆ ಹಟ ಹಿಡಿದರೆ ಸತ್ಯಜಿತ್ ರಾಯ್ ಅವರ ಫೆಲುದಾನತ್ತ ತಿರುಗಿಸಿ. 1965ರಲ್ಲಿ ಬಂಗಾಳಿಯಲ್ಲಿ ಶುರುವಾದ ಈ ಕಥೆಗಳನ್ನು ಹೇಳುವವನು ಪತ್ತೇದಾರನ ಚಿಕ್ಕಪ್ಪನ ಮಗ, ಹದಿಹರೆಯದ ತೋಪ್ಶೆ. ರಕ್ತ ತೀರ ಕಡಿಮೆ, ತಿರುಗಾಟ ಬಹಳ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ಅಜ್ಜಂದಿರು ಮನೆಯಲ್ಲಿದ್ದರೆ ಫೆಲುದಾ ಅವರಿಗೂ ಒಗ್ಗುತ್ತಾನೆ.

ನಿಜವಾದ ಪ್ರೊಫೈಲಿಂಗ್ ಎಷ್ಟು ನಿಜ?

ಈ ಪುಸ್ತಕಗಳನ್ನು ಓದಿದ ಮೇಲೆ ‘ನಾನೂ ಪ್ರೊಫೈಲರ್ ಆಗಬೇಕು’ ಎಂದು ಬರುವ ಮಕ್ಕಳಿಗೆ ನಾನು ಹೇಳುವ ಕಥೆ ನ್ಯೂಯಾರ್ಕಿನದು. 1940ರಿಂದ 1956ರವರೆಗೆ ಒಬ್ಬಾತ ಆ ನಗರದಲ್ಲಿ ಮೂವತ್ತಕ್ಕೂ ಹೆಚ್ಚು ಬಾಂಬುಗಳನ್ನು ಇಟ್ಟ. ಪೊಲೀಸರು ಮನೋವೈದ್ಯ ಜೇಮ್ಸ್ ಬ್ರಸೆಲ್ ಅವರ ಮೊರೆ ಹೋದರು. ಅವರು ಕೊಟ್ಟ ಚಿತ್ರಣದಲ್ಲಿ ಒಂದು ಮಾತು ಪ್ರಸಿದ್ಧವಾಯಿತು: ಸಿಕ್ಕಾಗ ಅವನು ಎರಡು ಸಾಲು ಗುಂಡಿಯ ಕೋಟನ್ನು ಗುಂಡಿ ಹಾಕಿಕೊಂಡು ಧರಿಸಿರುತ್ತಾನೆ. 1957ರ ಜನವರಿಯಲ್ಲಿ ಜಾರ್ಜ್ ಮೆಟೆಸ್ಕಿ ಸಿಕ್ಕಾಗ ಪೈಜಾಮದಲ್ಲಿದ್ದ. ಬಟ್ಟೆ ಬದಲಿಸಿ ಬಾ ಎಂದಾಗ ಅಂಥದ್ದೇ ಕೋಟು ತೊಟ್ಟು ಬಂದ. ಜಗತ್ತು ಬಾಯಿ ತೆರೆದು ನೋಡಿತು.

ಅವನ ಹೆಸರನ್ನು ಪತ್ತೆ ಮಾಡಿದವರು ಮಾತ್ರ ಆ ವೈದ್ಯರಲ್ಲ. ಕಾನ್ ಎಡಿಸನ್ ವಿದ್ಯುತ್ ಕಂಪನಿಯ ಗುಮಾಸ್ತೆ ಆಲಿಸ್ ಕೆಲ್ಲಿ ಹಳೆಯ ಪರಿಹಾರ ಅರ್ಜಿಗಳ ಕಡತಗಳನ್ನು ಒಂದೊಂದಾಗಿ ತಿರುವುತ್ತಿದ್ದಾಗ, ಬಾಂಬು ಇಟ್ಟವನು ಬರೆದ ಪತ್ರಗಳಲ್ಲಿದ್ದ ಪದಗಳೇ ಒಂದು ಕಡತದಲ್ಲಿ ಕಂಡವು. ಕೆಲಸದ ವೇಳೆ ಗಾಯಗೊಂಡು ಪರಿಹಾರ ಸಿಗದೆ ಕುದಿಯುತ್ತಿದ್ದ ನೌಕರನ ಕಡತ ಅದು. ಹಳೆಯ ಉತಾರಕ್ಕಾಗಿ ತಾಲ್ಲೂಕು ಕಚೇರಿಯ ದಫ್ತರದಲ್ಲಿ ದಿನಗಟ್ಟಲೆ ನಿಂತವರಿಗೆ ಆಲಿಸ್ ಕೆಲ್ಲಿಯ ಹಿರಿಮೆ ಬಿಡಿಸಿ ಹೇಳಬೇಕಿಲ್ಲ. ಇತಿಹಾಸ ನೆನಪಿಟ್ಟುಕೊಂಡದ್ದು ಕೋಟನ್ನು.

ಊಹೆಯನ್ನೇ ಸಾಕ್ಷ್ಯವೆಂದು ಹಿಡಿದರೆ ಆಗುವ ಅನಾಹುತಕ್ಕೆ ಲಂಡನ್ನಿನ ಉದಾಹರಣೆ ಇದೆ. 1992ರಲ್ಲಿ ವಿಂಬಲ್ಡನ್ ಕಾಮನ್‌ನಲ್ಲಿ ನಡೆದ ತರುಣಿಯ ಕೊಲೆಯ ತನಿಖೆಯಲ್ಲಿ ಪೊಲೀಸರು ಮನೋವಿಜ್ಞಾನಿಯ ಚಿತ್ರಣಕ್ಕೆ ಹೊಂದುತ್ತಾನೆಂದು ಒಬ್ಬನ ಬೆನ್ನು ಹತ್ತಿದರು. ವೇಷ ಮರೆಸಿದ ಮಹಿಳಾ ಪೊಲೀಸರನ್ನು ಬಿಟ್ಟು ಅವನ ಬಾಯಿ ಬಿಡಿಸಲು ನೋಡಿದರು. 1994ರಲ್ಲಿ ನ್ಯಾಯಾಧೀಶರು ಆ ಸಾಕ್ಷ್ಯವನ್ನು ತಳ್ಳಿಹಾಕಿದರು. ಡಿಎನ್‌ಎ ಬೇರೆಯವನತ್ತ ಬೆರಳು ಮಾಡಿ, 2008ರಲ್ಲಿ ಆತ ತಪ್ಪೊಪ್ಪಿಕೊಂಡ. ನಡುವಿನ ವರ್ಷಗಳಲ್ಲಿ ನಿರಪರಾಧಿಯೊಬ್ಬ ಕೊಲೆಗಾರನೆಂಬ ಹೆಸರು ಹೊತ್ತು ಬದುಕಿದ. ಸಲ್ ಸಿಂಗ್‌ನ ಕಥೆ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಹದಿನೇಳಕ್ಕೆ ಎಫ್‌ಬಿಐ ಕರೆಯುತ್ತದೆ ಎಂಬುದು ಕಥೆಯಲ್ಲಿ ಮಾತ್ರ. ಅಲ್ಲಿ ವಿಶೇಷ ಏಜೆಂಟ್ ಆಗಲು ಕನಿಷ್ಠ 23 ವರ್ಷ ಆಗಿರಬೇಕು. ನಮ್ಮಲ್ಲಿ ಪಿಎಸ್‌ಐ ಆಗಲು ಪದವಿ ಬೇಕು, 21 ತುಂಬಿರಬೇಕು. ಆಸಕ್ತಿ ನಿಜವಾಗಿದ್ದರೆ ದಾರಿ ದೂರವೇನೂ ಇಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಹೇಳಿಕೊಡುತ್ತಾರೆ, ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ ಧಾರವಾಡಕ್ಕೆ ಬಂದಿದೆ. ಬೆಳಗಾವಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆಂಬ ನಿಯಮವನ್ನು ತಂದಿದೆ. ಕೆಲಸ ಇರುವುದು ಅಲ್ಲಿ. ರಸಾಯನಶಾಸ್ತ್ರವನ್ನು ಬೈದುಕೊಂಡು ಓದುವ ಹುಡುಗರಿಗೆ ಈ ಸುದ್ದಿ ಅಷ್ಟು ರುಚಿಸುವುದಿಲ್ಲ.

ಹಾಗಾದರೆ ಯಾವುದು?

ಕನ್ನಡ ಮಾಧ್ಯಮದಿಂದ ಬಂದು ಮೊದಲ ಇಂಗ್ಲಿಷ್ ಕಾದಂಬರಿ ಓದುವವರು ‘ದಿ ನ್ಯಾಚುರಲ್ಸ್’ ಹಿಡಿಯಲಿ. ಓಟ ಇದೆ, ಪದಗಳು ಕಾಡುವುದಿಲ್ಲ. ಅದು ದಕ್ಕಿದ ಮೇಲೆ ಪಿಪ್‌ಳ ಬಳಿಗೆ ಬರಲಿ. ಇಂಗ್ಲಿಷ್ ಈಗಾಗಲೇ ಸರಾಗವಾಗಿರುವವರು ನೇರ ಪಿಪ್‌ಳಿಂದಲೇ ಶುರುಮಾಡಬಹುದು. ಒಂದೇ ಒಂದು ಪುಸ್ತಕಕ್ಕೆ ಹಣವಿದೆ ಎನ್ನುವವರಿಗೂ ನನ್ನ ಉತ್ತರ ಅದೇ, ಏಕೆಂದರೆ ಅದರ ಮೊದಲ ಭಾಗದಲ್ಲೇ ಪ್ರಕರಣ ಪೂರ್ತಿ ಬಗೆಹರಿಯುತ್ತದೆ. ವಾದ ಮಾಡುವ ಚಪಲ ಇರುವವರಿಗೆ, ಕಾನೂನು ಓದಬೇಕೆಂದಿರುವವರಿಗೆ ಜಾಝ್‌ನ ಕಥೆ. ರಾತ್ರಿ ಒಬ್ಬರೇ ಮಲಗಲು ಹೆದರುವವರಿಗೆ ಅದು ಖಂಡಿತ ಬೇಡ. ಎಮ್ಮಾಳ ಕಥೆಯನ್ನು ಈ ಮೂರನ್ನೂ ಓದಿದವರಿಗೆ ನಾಲ್ಕನೆಯದಾಗಿ ಕೊಡುತ್ತೇನೆ, ಅಷ್ಟು ಹೊತ್ತಿಗೆ ಅವರಿಗೆ ಕ್ವಾಂಟಿಕೋ ಪರಿಚಿತ ಊರಾಗಿರುತ್ತದೆ.

ವಿಜಯಪುರ, ಬಾಗಲಕೋಟೆಯ ಅಂಗಡಿಗಳಲ್ಲಿ ಇವು ಕಾಣದಿದ್ದರೆ ಹೇಳಿ ತರಿಸಿಕೊಳ್ಳಬೇಕು, ಇಲ್ಲವೇ ಬೆಳಗಾವಿಗೆ ಹೋದಾಗ ನೋಡಬೇಕು. ಬೀದಿಬದಿಯಲ್ಲಿ ಕಡಿಮೆ ಬೆಲೆಗೆ ಸಿಗುವ ನಕಲಿ ಮುದ್ರಣಗಳಿಗೆ ಆಸೆಪಡಬೇಡಿ. ಪಿಪ್‌ಳ ಪುಸ್ತಕದ ನಕ್ಷೆ ಮತ್ತು ಕೈಬರಹದ ಟಿಪ್ಪಣಿಗಳು ಅಂಥ ಮುದ್ರಣದಲ್ಲಿ ಮಸಿ ಬಳಿದಂತಾಗಿದ್ದರೆ ಸುಳಿವೇ ಕಾಣುವುದಿಲ್ಲ. ಕಾಲೇಜಿನ ಗ್ರಂಥಾಲಯಕ್ಕೆ ತರಿಸುವವರಿಗೆ ಒಂದು ಎಚ್ಚರಿಕೆ: ‘ಟ್ರೂಲಿ ಡೀವಿಯಸ್’ ತರಿಸುವುದಾದರೆ ‘ದಿ ವ್ಯಾನಿಶಿಂಗ್ ಸ್ಟೇರ್’, ‘ದಿ ಹ್ಯಾಂಡ್ ಆನ್ ದಿ ವಾಲ್’ ಎರಡನ್ನೂ ಜೊತೆಗೇ ತರಿಸಿ. 1936ರ ಗುಟ್ಟು ಪೂರ್ತಿ ಬಿಚ್ಚಿಕೊಳ್ಳುವುದು ಮೂರನೆಯ ಪುಸ್ತಕದಲ್ಲಿ. ಮೊದಲನೆಯದನ್ನು ಮಾತ್ರ ತಂದಿಟ್ಟರೆ ಗ್ರಂಥಪಾಲಕರಿಗೆ ಮಕ್ಕಳ ಶಾಪ ತಟ್ಟುತ್ತದೆ.